ಗಂಟು ಎಣಿಸುತ್ತಿದ್ದ ಮೇಷ್ಟ್ರು

"ಬೆರಳು ಎತ್ತಬ್ಯಾಡ ಕಣ್ಲಾ."

ನಾನು ಎತ್ತಲಿಲ್ಲ. ನನ್ನ ತೋರುಬೆರಳು ಮೇಜಿನಿಂದ ನೆಲದವರೆಗೆ ಇಳಿಬಿದ್ದಿದ್ದ ಮಡಿಕೆ ಕಾಗದದ ಮೇಲಿತ್ತು. ಮೇಷ್ಟ್ರು ಎದುರಿಗೆ ಕುರ್ಚಿ ಎಳೆದುಕೊಂಡು, ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು.

"ಹೊಸಹೊಳಲಿನ ರೈತ. ಕೂಳೆ ಕಬ್ಬು. ಗದ್ದೆ ಕೆರೆ ಹಿಂದೆ ಅದೆ. ಇವನಿಗೆ ಕಟಾವು ಯಾವ ವಾರ? ನಡಿ."

ಬೆರಳು ನಡೆಸಿದೆ. ಒಂದು 'ಇಫ್' ಬಂತು. ಹೊಸ ನಾಟಿಯೋ, ಕಡಿದ ಬುಡದಿಂದ ಚಿಗುರಿದ ಕೂಳೆಯೋ? ಕೂಳೆ. ಕೆಳಗೆ ಇನ್ನೊಂದು ಇಫ್. ಗದ್ದೆಗೆ ಗಾಡಿ ಹೋಗುತ್ತದೋ ಇಲ್ಲವೋ? ಹೋಗುತ್ತದೆ. ಅಲ್ಲಿ 'ಗೋ ಟು' ಅಂತ ಇತ್ತು. ಎರಡು ಹಾಳೆ ಆಚೆ ಹೋಗಬೇಕು. ಹೋದೆ. ಅಲ್ಲಿಂದ ಹಿಂದಿನ ಹಾಳೆಗೆ ಬಾ ಎಂದಿತ್ತು. ಬಂದೆ. ಬಂದ ಮೇಲೆ ಎಲ್ಲಿಂದ ಹೊರಟಿದ್ದೆ ಅನ್ನುವುದೇ ಮರೆತುಹೋಯಿತು.

"ಗೊತ್ತಾಗ್ನಿಲ್ಲ ಸಾ."

"ಸರಿಯಾಗಿ ನೋಡ್ದಾ?"

"ನೋಡ್ದೆ. ಗೊತ್ತಾಗ್ನಿಲ್ಲ ಅಂದ್ನಲ್ಲ."

ಅವರಿಗೆ ಸಿಟ್ಟು ಬರಲಿಲ್ಲ. ಕೆಂಪು ಪೆನ್ಸಿಲಿನಲ್ಲಿ ಹಾಳೆಯ ತಲೆಯ ಮೇಲೆ 'ಏಳು ನಿಮಿಷ. ದಾರಿ ತಪ್ಪಿದ' ಎಂದು ಬರೆದು, ಪಕ್ಕದ ಕೋಣೆಗೆ ಹೋಗಿ ಸೋಮಶೇಖರನ ಮೇಜಿನ ಮೇಲೆ ಹಾಕಿ ಬಂದರು. ಸೋಮಶೇಖರ ಬೆಂಗಳೂರಿನವನು, ಬಿ.ಎಸ್ಸಿ. ಮಾಡಿದವನು, ಹಾಳೆಯಲ್ಲಿದ್ದ ಕಂಪ್ಯೂಟರ್ ಪ್ರೋಗ್ರಾಮು ಬರೆದವನು ಅವನೇ. ಹತ್ತು ದಿನದ ಕೆಲಸ ವಾಪಸ್ಸು ಬಂದಿತ್ತು. ಅವನು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಯಿತು. ಅವರ ಹೆಸರು ಬರೆಯುವುದಿಲ್ಲ. ಆಫೀಸಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎದುರಿಗೆ ಮೇಷ್ಟ್ರು, ಹಿಂದೆ ಗಂಟಿನ ಮೇಷ್ಟ್ರು.

ನಮ್ಮ ಆಫೀಸು ಶ್ರೀರಂಗಪಟ್ಟಣದ ಪೇಟೆಯಲ್ಲಿ, ಒಂದು ಸೈಕಲ್ ಶಾಪಿನ ಮಹಡಿ ಮೇಲಿದೆ. ಕಂಪ್ಯೂಟರ್ ಕೆಲಸದ ಆಫೀಸು ಅಂತ ಬೋರ್ಡಿದೆ. ಕಂಪ್ಯೂಟರ್ ಇಲ್ಲ. ಅದು ಬೆಂಗಳೂರಿನಲ್ಲಿದೆ. ಇಲ್ಲಿರುವುದು ಪಂಚ್ ಮಿಷನ್ನು. ಟೈಪ್‌ರೈಟರಿನ ಹಾಗೆ ಕುಟ್ಟಿದರೆ ರಟ್ಟಿನ ಕಾರ್ಡಿನಲ್ಲಿ ತೂತು ಬೀಳುತ್ತದೆ. ಒಂದು ಸಾಲಿಗೆ ಒಂದು ಕಾರ್ಡು. ಕಾರ್ಡುಗಳನ್ನು ಪೆಟ್ಟಿಗೆಗೆ ತುಂಬಿ ರೈಲಿಗೆ ಹಾಕಿದರೆ, ನಾಲ್ಕು ದಿನದ ಮೇಲೆ ಅಚ್ಚಾದ ಕಾಗದ ವಾಪಸ್ಸು ಬರುತ್ತದೆ. ನಾನು ಕುಟ್ಟುವವನು. ಏಳನೇ ಕ್ಲಾಸು ಪಾಸು, ಎಂಟು ಫೇಲು, ಆಮೇಲೆ ಟೈಪಿಂಗು. ಕುಟ್ಟಿದ್ದರ ಅರ್ಥ ನನಗೆ ಬೇಕಾಗಿರಲಿಲ್ಲ, ಮೇಷ್ಟ್ರು ಬರುವವರೆಗೆ.

ಅವರು ನಾಗಮಂಗಲದ ಕಡೆಯವರು. ಅಲ್ಲೇ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರಂತೆ. ಹೆಂಡತಿ ಸತ್ತ ಮೇಲೆ ಸ್ಕೂಲು ಬಿಟ್ಟು, ಬೆಂಗಳೂರಿನಲ್ಲಿ ಈ ವಿದ್ಯೆ ಕಲಿತು, ಐವತ್ತರ ಹತ್ತಿರದಲ್ಲಿ ನಮ್ಮ ಆಫೀಸಿಗೆ ಬಂದರು. ಗಂಜಾಂನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಅವರ ಕೆಲಸ ಬರೆಯುವುದಲ್ಲ, ಬೇರೆಯವರು ಬರೆದದ್ದನ್ನು ಅಳೆಯುವುದು. ಅವರ ಸಹಿ ಇಲ್ಲದ ಪ್ರೋಗ್ರಾಮು ಪರೀಕ್ಷೆಗೆ ಮಾತ್ರ ರೈಲು ಹತ್ತಬಹುದಿತ್ತು, ಕೆಲಸಕ್ಕಲ್ಲ.

ಅಳೆಯುವುದು ಅಂದರೆ ಅವರಿಗೆ ಮೂರು ಕೆಲಸ. ಮೊದಲು ಗಂಟು. ಇಫ್ ಅನ್ನುವ ಪದ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತುತ್ತಿದ್ದರು. ಅದು ಗಂಟು. ಪ್ರೋಗ್ರಾಮಿನ ಒಂದೊಂದು ತುಂಡಿಗೆ ಪ್ಯಾರಾ ಅನ್ನುತ್ತಾರೆ; ಒಂದು ಪ್ಯಾರಾದಲ್ಲಿ ಹತ್ತು ಗಂಟಿಗಿಂತ ಹೆಚ್ಚಿದ್ದರೆ ಓದದೆ ವಾಪಸ್ಸು.

ಯಾಕೆ ಹತ್ತು ಅಂತ ಒಂದು ಶನಿವಾರ ನಾಗಮಂಗಲದ ಬಸ್ಸಿನಲ್ಲಿ ಕೇಳಿದೆ. ನಾನು ಪಾಂಡವಪುರಕ್ಕೆ ಹೊರಟಿದ್ದೆ, ಅವರು ತಂಗಿಯ ಮನೆಗೆ. ನನಗೆ ಉತ್ತರ ಹೇಳುವ ಬದಲು ಕಂಡಕ್ಟರನ್ನು ಕೇಳಿದರು:

"ಪಾಂಡವಪುರ ದಾಟಿದ್ಮೇಲೆ ನಾಗಮಂಗಲ ಸೇರೋಗಂಟ ರಸ್ತೆ ಎಷ್ಟು ಕಡೆ ಕವಲೊಡೀತದಪ್ಪ?"

"ಯಾಕ್ ಸಾಮಿ, ಬಸ್ಸು ಕೊಂಡ್ಕೊತೀರಾ?"

ಬಸ್ಸಿನವರೆಲ್ಲ ನಕ್ಕರು. ಮೇಷ್ಟ್ರು ನಗಲಿಲ್ಲ. ನನ್ನ ಕಡೆ ತಿರುಗಿ ಹೇಳಿದರು: "ಒಂದು ಕವಲು ಬಂದ್ರೆ ಎರಡು ದಾರಿ. ಎರಡು ಬಂದ್ರೆ ನಾಕು. ಹತ್ತು ಬಂದ್ರೆ ಸಾವಿರ ಆಗ್ಬೋದು ಕಣ್ಲಾ. ಸಾವಿರ ದಾರಿ ಇರೋ ಊರ್ನಾಗೆ ಹೊಸಬ ಎಂಗೆ ಮನೆ ಹುಡುಕ್ತಾನೆ?"

"ಯಾರ್ನಾದ್ರೂ ಕೇಳ್ತಾನೆ."

"ರಸ್ತೆ ಹಾಕ್ದೋನು ಬೇರೆ ಕೆಲ್ಸ ಸಿಕ್ಕಿ ಊರು ಬುಟ್ಟೋಗವ್ನೆ. ಯಾರ್ನ ಕೇಳ್ತಾನೆ?"

ಎರಡನೆಯದು ಹುಣಿಸೆ ಬೀಜ. ಅವರ ಡ್ರಾಯರಿನಲ್ಲಿ ಒಂದು ಡಬ್ಬಿ ತುಂಬ ಇದ್ದವು. ಪ್ರೋಗ್ರಾಮನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, "ಈಗ ಇದಕ್ಕೆ ಒಂದು ಹೊಸಾ ಹಳ್ಳಿ ಸೇರಿಸ್ಬೇಕು, ಎಲ್ಲೆಲ್ಲಿ ತಿದ್ಬೇಕೋ ಅಲ್ಲೊಂದೊಂದು ಬೀಜ ಇಡು" ಎಂದು ಬರೆದವನಿಗೇ ಹೇಳುತ್ತಿದ್ದರು. ಮೂರೋ ನಾಲ್ಕೋ ಬೀಜವಾದರೆ ಪಾಸು. ಒಮ್ಮೆ ಸೋಮಶೇಖರ ಮಂಡಿಯೂರಿ ಹದಿನೇಳು ಇಟ್ಟ. ಮೇಷ್ಟ್ರು ಮೇಲಿನಿಂದ ನೋಡಿ, "ಇದು ಪ್ರೋಗ್ರಾಮಲ್ಲಪ್ಪ, ಹುಣಿಸೇಮರ" ಎಂದರು. ಪಂಚ್ ರೂಮಿನವರೆಲ್ಲ ಕೇಳಿಸಿಕೊಂಡೆವು.

ಮೂರನೆಯದು ಬೆರಳು. ಅದು ನಾನು.

ನನ್ನನ್ನೇ ಯಾಕೆ ಕೂರಿಸುತ್ತೀರಿ, ನಾನು ದಡ್ಡ ಅಂತಲೋ, ಎಂದು ಕೇಳಿಬಿಟ್ಟಿದ್ದೆ. ಅವರು ಮೂಗಿಗೆ ನಶ್ಯ ಏರಿಸಿ, ಕಣ್ಣೊರೆಸಿಕೊಂಡು ಹೇಳಿದರು: "ದಡ್ಡರು ಬೇಕಾದಷ್ಟು ಜನ ಸಿಗ್ತಾರೆ. ಗೊತ್ತಾಗದೆ ಇದ್ರೂ ತಲೆ ಆಡಿಸ್ತಾರೆ. ನೀನು ಗೊತ್ತಾಗ್ನಿಲ್ಲ ಅಂತ ಮುಖಕ್ಕೆ ಹೊಡ್ದಂಗೆ ಯೋಳ್ತೀಯ. ಅದಕ್ಕೆ."

ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ.

ಒಳ್ಳೆಯವರು ಅಂತ ಸುಳ್ಳು ಹೇಳುವುದಿಲ್ಲ. ಹಟಮಾರಿ. ಒಬ್ಬರೇ ಕಿಟಕಿ ಕಡೆ ತಿರುಗಿ ಡಬ್ಬಿಯ ಮೊಸರನ್ನ ತಿನ್ನುತ್ತಿದ್ದರು, ಯಾರನ್ನೂ ಊಟ ಆಯಿತಾ ಅಂತ ಕೇಳುತ್ತಿರಲಿಲ್ಲ. ಒಂದು ಸಲ ಸೋಮಶೇಖರ ನಿಜವಾಗಿ ಚೆನ್ನಾಗಿ ಬರೆದಿದ್ದ. ನನ್ನ ಬೆರಳು ಎಲ್ಲೂ ನಿಲ್ಲಲಿಲ್ಲ. ಆದರೆ ಒಂದು ಪ್ಯಾರಾದಲ್ಲಿ ಹನ್ನೊಂದು ಗಂಟಿತ್ತು. ವಾಪಸ್ಸು ಮಾಡಿದರು. "ಒಂದು ಗಂಟಿಗೆ ಯಾಕೆ ಸಾರ್ ಜೀವ ತೆಗೀತೀರಿ?" ಎಂದು ಅವನು ಕೇಳಿದ್ದಕ್ಕೆ, "ಇವತ್ತು ಒಂದು ಬುಟ್ರೆ ನಾಳೆ ನೀನೇ ಎರಡು ತತ್ತೀಯ" ಎಂದರು. ಅವನು ಊಟ ಬಿಟ್ಟು ಕೂತ. ಅವರು ಕಿಟಕಿ ಕಡೆ ತಿರುಗಿ ಊಟ ಮಾಡಿದರು.

ಅವನು ಹೆಸರಿಡುವ ರೀತಿಗೂ ಬೈಯುತ್ತಿದ್ದರು. ಕಬ್ಬಿನ ವಯಸ್ಸಿಗೆ ಎಕ್ಸ್ ಒಂದು, ಊರಿಗೆ ಎಕ್ಸ್ ಎರಡು ಎಂದು ಬರೆದಿದ್ದ. "ಎಮ್ಮೆ ಕರೀಬೇಕಾದ್ರೆ ಎಮ್ಮೆ ಅನ್ನಪ್ಪ. ಎಕ್ಸ್ ಒಂದು ಅಂದ್ರೆ ಯಾವ ಕೊಟ್ಟಿಗೆಯಿಂದ ಬರ್ತದೆ ಅದು?"

ಹೋದ ವರ್ಷ ನಮಗೆ ದೊಡ್ಡ ಕೆಲಸ ಸಿಕ್ಕಿತ್ತು. ಒಂದು ಸಕ್ಕರೆ ಕಾರ್ಖಾನೆಯದು. ಅದರ ಹೆಸರೂ ಬರೆಯುವುದಿಲ್ಲ. ಯಾವ ರೈತನ ಕಬ್ಬನ್ನು ಯಾವ ವಾರ ಕಡಿಯಬೇಕು ಅಂತ ಸರದಿ ಹಾಕುವ ಕೆಲಸ. ಸರದಿಯ ಪಟ್ಟಿಯಲ್ಲಿ ಹೆಸರಿದ್ದರೆ ಕಟಾವು ಪರ್ಮಿಟ್ಟು. ಪರ್ಮಿಟ್ಟಿಲ್ಲದ ಕಬ್ಬನ್ನು ಕಾರ್ಖಾನೆ ಗೇಟಿನ ಒಳಕ್ಕೆ ಬಿಡುವುದಿಲ್ಲ. ಗದ್ದೆಯಲ್ಲಿ ನಿಂತ ಕಬ್ಬು ಕಾಯುವುದಿಲ್ಲ, ಸೂಲಂಗಿ, ಅಂದರೆ ಹೂವಿನ ತೆನೆ, ಹೊಡೆದು ಒಳಗೆ ಬೆಂಡಾಗುತ್ತದೆ. ಆಮೇಲೆ ಅದು ಸೌದೆ.

ವಾಪಸ್ಸು ಬಂದದ್ದನ್ನು ಸೋಮಶೇಖರ ತಿದ್ದಿ ಬರೆದ ಸರದಿಯಲ್ಲಿ ಒಂಬತ್ತು ಗಂಟಿತ್ತು. ಮೇಷ್ಟ್ರು ಸಹಿ ಹಾಕಿದ್ದರು. ಆಮೇಲೆ ಕಾರ್ಖಾನೆಯಿಂದ ವಾರಕ್ಕೊಂದು ಚೀಟಿ ಬರತೊಡಗಿತು. ಬೆಂಕಿ ಬಿದ್ದ ಕಬ್ಬು ಮೊದಲು. ಹೊಳೆಯಾಚೆಯದು ಆಮೇಲೆ. ಹೋದ ವರ್ಷ ಕಡಿಮೆ ತೂಕ ಕೊಟ್ಟವರು ಕೊನೆಗೆ. ಆದರೆ ಅವರದು ಕೂಳೆಯಾದರೆ ಹಾಗಲ್ಲ. ಆದರೆ ಆ ಕೂಳೆ ತಡವಾದದ್ದಾದರೆ ಮತ್ತೆ ಹಾಗೇ. ಮನೆಯಲ್ಲಿ ಮದುವೆಯಿದ್ದವರಿಗೆ ಬೇರೆ. ಡೈರೆಕ್ಟರ ಭಾವಮೈದನ ಊರಿಗೆ ಬೇರೆ. ಒಂದೊಂದು ಚೀಟಿಗೂ ಸೋಮಶೇಖರ ಒಂದೊಂದು ಇಫ್ ತುರುಕಿದ. ನಾನು ಒಂದೊಂದು ಕಾರ್ಡು ಕುಟ್ಟಿ ನಡುವೆ ಸೇರಿಸಿದೆ. ಕಬ್ಬು ಅರೆಯುವ ಕಾಲ ಶುರುವಾಗಲು ಹತ್ತು ದಿನ ಇರುವಾಗ ಮೇಷ್ಟ್ರು ಎಣಿಸಿದರು. ಆ ಒಂದೇ ಪ್ಯಾರಾದಲ್ಲಿ ಮೂವತ್ತನಾಲ್ಕು.

ಮ್ಯಾನೇಜರ ಕೋಣೆಯ ಬಾಗಿಲು ತೆರೆದೇ ಇತ್ತು.

"ಬಿಚ್ಚಿ ಬೇರೆ ಬೇರೆ ಪ್ಯಾರಾ ಮಾಡಿ ಬರೀಬೇಕು. ಎರಡು ವಾರ ಕೊಡಿ" ಎಂದರು ಮೇಷ್ಟ್ರು.

"ಎರಡು ವಾರ! ಮೇಷ್ಟ್ರೇ, ನೀವು ಸೊನ್ನೆ ಸುತ್ತುತ್ತಾ ಕೂತರೆ ಕಾರ್ಖಾನೆ ಗಾಣ ತಿರುಗುತ್ತೇನ್ರೀ? ಪ್ರೋಗ್ರಾಂ ಓಡ್ತಾ ಇದೆಯಲ್ಲ!"

"ಓಡ್ತದೆ. ಎತ್ತಗೆ ಓಡ್ತದೆ ಅಂತ ಯಾರ್ಗೂ ಗೊತ್ತಿಲ್ಲ. ಬರ್ದೋನ್ಗೂ ಗೊತ್ತಿಲ್ಲ."

"ಸೋಮಶೇಖರ್, ನಿಮಗೆ ಗೊತ್ತಿದೆಯಾ?"

"ಗೊತ್ತಿದೆ ಸಾರ್."

ತುಂಬ ಹೊತ್ತು ಜಗಳವಾಯಿತು. ಕೊನೆಗೆ ಮ್ಯಾನೇಜರು, ನಿಮ್ಮದೇ ಬೆರಳಿನ ಪರೀಕ್ಷೆ ಮಾಡಿ, ಆ ಹುಡುಗನಿಗೆ ಮೂರು ರೈತರ ದಾರಿ ಸಿಕ್ಕಿದರೆ ಸಹಿ ಹಾಕಬೇಕು, ಸಿಗದಿದ್ದರೆ ಎರಡು ವಾರ ಕೊಡುತ್ತೇನೆ ಎಂದರು. ಮೇಷ್ಟ್ರು ಒಪ್ಪಿದರು. ಸಿಗುವುದಿಲ್ಲ ಅನ್ನುವ ಧೈರ್ಯ ಅವರಿಗಿತ್ತು. ನನ್ನ ಮೇಲಿನ ನಂಬಿಕೆ ಅದು.

ಮಾರನೇ ದಿನ ಬೆಳಿಗ್ಗೆ ಟೀ ಕುಡಿಯುವಾಗ ಸೋಮಶೇಖರ ಎಲ್ಲರೆದುರು ಹೇಳಿದ: "ನೋಡ್ರಪ್ಪ, ಇನ್ಮೇಲೆ ನಾವು ಮಿಷನ್ನಿಗೆ ಬರೆಯೋದಲ್ಲ. ಎಂಟನೇ ಕ್ಲಾಸು ಫೇಲಾದ ಶಿವಣ್ಣನಿಗೆ ತಿಳಿಯೋ ಹಾಗೆ ಬರೀಬೇಕು. ನಮ್ಮ ಆಫೀಸಿನ ಮಟ್ಟ ಅಂದ್ರೆ ಇವನೇ." ಪಂಚ್ ರೂಮಿನ ಇಬ್ಬರು ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಟೀ ಲೋಟ ಇಟ್ಟು ಎದ್ದುಬಂದೆ.

ಮಧ್ಯಾಹ್ನ ಪರೀಕ್ಷೆ. ಮ್ಯಾನೇಜರು, ಸೋಮಶೇಖರ, ಹುಡುಗಿಯರು ಎಲ್ಲ ಸುತ್ತ ನಿಂತಿದ್ದರು. ಮೊದಲನೇ ರೈತ ಕೆ.ಆರ್. ಪೇಟೆಯ ಪಕ್ಕದವನು, ಹೊಸ ನಾಟಿ. ದಾರಿ ಸಿಕ್ಕಿತು. ಎರಡನೆಯವನದು ಬೆಂಕಿ ಬಿದ್ದ ಕಬ್ಬು. ಕಷ್ಟವಾಯಿತು, ಆದರೂ ಸಿಕ್ಕಿತು.

"ಮೂರನೇದು. ಸಂತೆಬಾಚಹಳ್ಳಿ. ತಡವಾದ ಕೂಳೆ. ಹೋದ ವರ್ಷ ತೂಕ ಕಮ್ಮಿ. ನಡಿ."

ಆರನೇ ಹಾಳೆಯವರೆಗೆ ಹೋದೆ. ಅಲ್ಲಿ ಮೂರು ಇಫ್ ಒಂದರೊಳಗೊಂದು ಇದ್ದವು. ಮೂರನೆಯದು, ಕೂಳೆ ಹೊತ್ತಿಗೆ ಸರಿಯಾಗಿ ಬಂದದ್ದೋ ಅಂತ; ಹೌದು ಅಂದರೆ ಎಲ್ಲಿಗೆ ಅಂತಿತ್ತು, ಇಲ್ಲ ಅಂದರೆ ಎಲ್ಲಿಗೆ ಅಂತ ಕಾಣಿಸಲಿಲ್ಲ. ನನ್ನ ರೈತ 'ಇಲ್ಲ' ಅನ್ನುವ ಕಡೆಯವನು. ಬೆರಳು ನಿಂತಿತು. ಹಿಂದಿನಿಂದ ಸೋಮಶೇಖರ ಸಣ್ಣಗೆ ಕೆಮ್ಮಿದ.

ನನ್ನ ತಾಯಿಯ ತವರು ಸಂತೆಬಾಚಹಳ್ಳಿ. ಆ ಕಡೆಯ ತಡವಾದ ಕೂಳೆಯನ್ನು ಯಾವತ್ತೂ ಕೊನೇ ಸರದಿಯಲ್ಲೇ ಕಡಿಯುತ್ತಾರೆ ಅನ್ನುವುದು ನನಗೆ ಚಿಕ್ಕಂದಿನಿಂದ ಗೊತ್ತು. ಬೆರಳನ್ನು ಎತ್ತದೆ, ಮೆಲ್ಲಗೆ ಜಾರಿಸಿ, ಕೊನೇ ಸರದಿ ಬರೆದಿದ್ದ ಒಂಬತ್ತನೇ ಹಾಳೆಗೆ ತಂದೆ.

"ಕೊನೇ ಸರದಿ ಸಾ."

ಉತ್ತರ ಸರಿಯಿತ್ತು. ಕಾರ್ಖಾನೆಯ ಚೀಟಿಯಲ್ಲೂ ಹಾಗೇ ಇತ್ತು. ಮೇಷ್ಟ್ರು ನನ್ನ ಮುಖ ನೋಡಿದರು.

"ದಾರಿ ಸಿಕ್ತೇನ್ಲಾ?"

"ಸಿಕ್ತು."

"ನಿಜ್ವಾಗ್ಲೂ?"

"ಊಂ."

ಮ್ಯಾನೇಜರು ಪೆನ್ನು ಚಾಚಿದರು. ಮೇಷ್ಟ್ರು ಸಹಿ ಹಾಕಿದರು. ಸೋಮಶೇಖರ ನನ್ನ ಬೆನ್ನು ತಟ್ಟಿ, "ಬುದ್ಧಿವಂತನಾಗಿಬಿಟ್ಟೆ ಕಣೋ" ಎಂದ. ಆ ಹೊತ್ತಿಗೆ ನನಗೆ ಸಂತೋಷವೇ ಆಯಿತು. ಇದನ್ನು ಮುಚ್ಚಿಡುವುದಿಲ್ಲ.

ಪಟ್ಟಿಗಳು ಅಚ್ಚಾಗಿ ಬಂದವು, ಹಳ್ಳಿಗಳಿಗೆ ಹೋದವು. ಎಲ್ಲ ಸರಿಯಾಗಿದೆ ಅಂತ ಕಾರ್ಖಾನೆಯವರೂ ಅಂದರು. ಮಿಷನ್ನು ಸರದಿ ಸಿಕ್ಕವರ ಹೆಸರನ್ನು ಮಾತ್ರ ಅಚ್ಚು ಹಾಕುತ್ತದೆ. ಸಿಗದವರ ಪಟ್ಟಿ ಕೊಡು ಅಂತ ಯಾರೂ ಅದನ್ನು ಕೇಳಿರಲಿಲ್ಲ.

ಮೂರು ತಿಂಗಳ ಮೇಲೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಸಂತೆಬಾಚಹಳ್ಳಿಯ ಪುಟ್ಟತಾಯಮ್ಮ. ಗಂಡ ಇಲ್ಲ, ತಾನೇ ಬೇಸಾಯ ಮಾಡಿಸುವವಳು. ಕಾರ್ಖಾನೆಗೆ ಹೋದರೆ, ಪಟ್ಟಿ ಮಾಡೋರು ಪಟ್ಟಣದಲ್ಲಿದ್ದಾರೆ ಹೋಗು ಎಂದು ಕಳಿಸಿದ್ದರಂತೆ. ಕಂಕುಳಲ್ಲಿ ಒಂದು ಕಬ್ಬಿನ ಜಲ್ಲೆ ಹಿಡಿದು ತಂದಿದ್ದಳು. ಮೇಷ್ಟ್ರ ಮೇಜಿನ ಮೇಲೆ ಅದನ್ನು ಮುರಿದಳು. ಒಳಗೆ ಬಿಳಿ ಬೆಂಡು.

"ಅದ್ಯಾವ್ದೋ ಮಿಸನ್ನು ಸರದಿ ಹಾಕ್ತದಂತಲ್ಲ ಸಾಮಿ. ನನ್ ಹೆಸ್ರಿನ ಮ್ಯಾಲೆ ಅದ್ಕೇನು ಸಿಟ್ಟು?"

"ಸಿಟ್ಟಿಲ್ಲ ಕಣಮ್ಮ. ಕೂತ್ಕೊ."

"ಕುಂತ್ಕಂಡು ಏನ್ ಮಾಡ್ಲಿ? ಕೊನೇ ಸರದಿ, ಬತ್ತದೆ ಬತ್ತದೆ ಅಂತ ಕುಂತೇ ಇದ್ದೆ. ಸೂಲಂಗಿ ಬಂದ್ಬುಡ್ತು. ನಂದೊಂದೇ ಅಲ್ಲ, ನಮ್ ಕಡೀರದ್ದು ಅಂಗೇ ನಿಂತದೆ."

ಮೇಷ್ಟ್ರು ಅವಳ ಊರು, ನಾಟಿ, ಹೋದ ವರ್ಷದ ತೂಕ ಎಲ್ಲ ಬರೆದುಕೊಂಡರು. ಅವತ್ತೂ ಮಾರನೇ ದಿನವೂ ಮೊಸರನ್ನದ ಡಬ್ಬಿ ತೆಗೆಯಲಿಲ್ಲ. ಮಾರನೇ ದಿನ ಸಂಜೆ ನನ್ನನ್ನು ಕರೆದರು.

"ಬೆರಳಿಡು ಶಿವಣ್ಣ. ಮೂರನೇ ರೈತ."

ಇಟ್ಟೆ. ಆರನೇ ಹಾಳೆಗೆ ಬಂದೆ. ಬೆರಳು ಅಲ್ಲೇ ನಿಂತಿತು. 'ಇಲ್ಲ' ಅನ್ನುವವರಿಗೆ ಅಲ್ಲಿಂದ ದಾರಿ ಇರಲಿಲ್ಲ. ಮಿಷನ್ನು ಅಂಥವರನ್ನೆಲ್ಲ ಅಲ್ಲೇ ಬಿಟ್ಟು ಮುಂದಿನ ಹೆಸರಿಗೆ ಹೋಗಿತ್ತು. ನಾನು ತಲೆ ಎತ್ತಲಿಲ್ಲ.

"ಆಯ್ತು. ಎದ್ದೋಗು" ಎಂದರು.

ಕಾರ್ಖಾನೆಯಿಂದ ಇಬ್ಬರು ವಿಚಾರಣೆಗೆ ಬಂದರು. ಮ್ಯಾನೇಜರು ಹಾಳೆಯ ಕೊನೆಯ ಸಹಿ ತೋರಿಸಿದರು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ಕೇಳಿದರು: "ಏನಯ್ಯಾ, ನಿನಗೆ ಅವತ್ತು ತಿಳಿದಿತ್ತು ತಾನೇ?"

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹೇಳಿದರು: "ಅವನ್ನ ಯಾಕೆ ಕೇಳ್ತೀರಿ? ಅವನು ಅಳತೆಕೋಲು. ಅಳೆದೋನು ನಾನು, ಸಹಿ ನಂದು."

ಆಮೇಲೂ ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಆ ತಿಂಗಳ ಕೊನೆಗೆ ಅವರನ್ನು ಕಳಿಸಿಬಿಟ್ಟರು. ಡ್ರಾಯರು ಖಾಲಿ ಮಾಡಿಕೊಂಡು ಮೆಟ್ಟಿಲಿಳಿದು ಹೋದರು. ಯಾರೂ ಕೆಳಗಿನವರೆಗೆ ಹೋಗಲಿಲ್ಲ, ನಾನೂ.

ಐದಾರು ತಿಂಗಳ ಮೇಲೆ ತಡೆಯಲಾರದೆ ನಾಗಮಂಗಲಕ್ಕೆ ಹೋದೆ. ತಂಗಿಯ ಮನೆಯ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ಉಬ್ಬಸ. ಎರಡು ಮಾತಿಗೊಮ್ಮೆ ನಿಲ್ಲಿಸುತ್ತಿದ್ದರು.

"ಅದೇ ಪ್ರೋಗ್ರಾಮು ಓಡ್ತಾ ಅದೇನ್ಲಾ?"

"ಅದೇ. ಆರನೇ ಹಾಳೆ ತಾವ ಒಂದು ತೇಪೆ ಹಾಕವ್ರೆ."

"ಈಗ ಗಂಟೆಷ್ಟು?"

"ಐವತ್ತರ ಮೇಲದೆ."

"ಯಾರು ಎಣಿಸ್ತಾರೆ?"

"ಯಾರೂ ಇಲ್ಲ. ನಾನೇ ಸುಮ್ಕೆ ಎಣಿಸ್ದೆ."

ನಾನು ಹೇಳಲು ಬಂದದ್ದನ್ನು ಹೇಳಿದೆ. "ಸಾ, ಅವತ್ತು ಮೂರನೇದು ನಂಗೆ ಗೊತ್ತಾಗಿರ್ನಿಲ್ಲ."

"ಅವತ್ತೇ ಗೊತ್ತಾಯ್ತು ನಂಗೆ."

"ಎಂಗೆ?"

"ಗೊತ್ತಾಗ್ನಿಲ್ಲ ಅನ್ನೋವಾಗ ಜೋರಾಗಿ ಅಂತೀಯ. ಸಿಕ್ತು ಅಂದಿದ್ದು ಮೆತ್ತಗಿತ್ತು."

ನನಗೆ ಸಿಟ್ಟು ಬಂತು. ಯಾಕೆ ಅಂತ ಗೊತ್ತಿಲ್ಲ. "ಗೊತ್ತಿದ್ರೆ ಯಾಕ್ ಸಾ ಸಹಿ ಹಾಕುದ್ರಿ?"

ಅವರು ಉಸಿರು ಎಳೆದುಕೊಳ್ಳುವವರೆಗೆ ಕಾದೆ.

"ಅಷ್ಟು ಜನದ ಮುಂದೆ ನಿನ್ನ ಸುಳ್ಳ ಅನ್ನಕ್ಕೆ ಮನಸ್ಸು ಬರ್ನಿಲ್ಲ. ಬೆಳಿಗ್ಗೆ ಅವರು ನಕ್ಕಿದ್ದು ನಂಗೂ ಕೇಳಿಸಿತ್ತು." ಮತ್ತೆ ನಿಲ್ಲಿಸಿದರು. "ಹನ್ನೊಂದು ಗಂಟಾದ್ರೆ ವಾಪಸ್ ಮಾಡ್ತಿದ್ದೆ. ಅವತ್ತು ಮೂವತ್ತನಾಕು ಬುಟ್ಬುಟ್ಟೆ. ನಿನ್ ತಪ್ಪಿಗಿಂತ ನಂದು ದೊಡ್ಡದು ಕಣ್ಲಾ. ನಂಗೆ ಗೊತ್ತಿತ್ತು."

ತಂಗಿ ಕಾಫಿ ತಂದರು. ಕುಡಿದು ಎದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಆಫೀಸಿನಲ್ಲಿ ಯಾರೂ ರಜ ಕೇಳಲಿಲ್ಲ. ಸೋಮಶೇಖರ ಆಗಲೇ ಬೇರೆ ಕಡೆ ಸೇರಿ ಬೆಂಗಳೂರಿಗೆ ಹೋಗಿದ್ದ.

ಹೋದ ವಾರ ಸಂತೆಬಾಚಹಳ್ಳಿಗೆ ಹೋಗಿದ್ದೆ. ಪುಟ್ಟತಾಯಮ್ಮ ಹಟ್ಟಿಯ ಮುಂದೆ ರಾಗಿ ಕೇರುತ್ತಿದ್ದಳು. ಕಬ್ಬಿನ ಗದ್ದೆ ಉತ್ತು ಬೇರೆ ಏನೋ ಹಾಕಿದ್ದಳು. ನಿಂತುಕೊಂಡೇ ಹೇಳಿದೆ, ನಿನ್ನ ಹೆಸರು ಬಿಟ್ಟುಹೋದದ್ದು ನನ್ನಿಂದ, ಗೊತ್ತಿಲ್ಲದ್ದನ್ನು ಗೊತ್ತು ಅಂದೆ, ಎಂದು.

ಅವಳು ಮೊರ ಕೆಳಗಿಡಲಿಲ್ಲ.

"ನಿಮ್ ಮೇಷ್ಟ್ರೂ ಬಂದಿದ್ರು, ಹೋದ್ ಬ್ಯಾಸ್ಗೇಲಿ. ಉಸ್ರು ಬುಡಕ್ಕಾಗ್ದೆ ಇದೇ ಕಲ್ಲಿನ ಮ್ಯಾಲೆ ಕುಂತ್ಕಂಡು ಅವರೂ ಇಂಗೇ ಅಂದ್ರು, ತಪ್ಪು ನಂದು ಅಂತ. ಒಂದು ತಪ್ಪಿಗೆ ಎಷ್ಟು ಜನ ಬತ್ತೀರಪ್ಪ? ಕಬ್ಬಂತೂ ಬರ್ನಿಲ್ಲ."

ಮತ್ತೆ ಕೇರತೊಡಗಿದಳು. ನಾನು ಬಸ್ಸಿಗೆ ಬಂದೆ.

ಇಷ್ಟೇ. ಇದಕ್ಕೆ ಸೇರಿಸುವುದು ನನ್ನ ಹತ್ತಿರ ಏನೂ ಇಲ್ಲ.